ಆಟದ ನೋಟು, ನಿಜವಾದ ಲೆಕ್ಕ

ನಮ್ಮ ಕಾಮರ್ಸ್ ಡೇಯಲ್ಲಿ ‘ಕ್ಯಾಸಿನೊ’ ಮಳಿಗೆ ಬೇಕೆಂದು ಕೆಲವು ಗೆಳೆಯರು ಕೇಳುತ್ತಿದ್ದಾರೆ. ಬೇಡ ಎಂಬುದು ನನ್ನ ಅಭಿಪ್ರಾಯ.

‘ಜುವಾ ಹರಾಮ್’ ಎಂದು ಮನೆಯಲ್ಲಿ ಅಮ್ಮಿ ಹೇಳುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ‘ನಿಜವಾದ ಹಣವೇ ಇಲ್ಲ, ಜೂಜು ಹೇಗಾಗುತ್ತದೆ?’ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾಮರ್ಸ್‌ನವರಾದ ನಾವು ಲೆಕ್ಕದಿಂದಲೇ ಉತ್ತರಿಸಬಹುದು.

ಯುರೋಪಿಯನ್ ರೂಲೆಟ್ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆಗಳಿವೆ. ಎಲ್ಲದಕ್ಕೂ 100 ರೂಪಾಯಿಯಂತೆ ಇಟ್ಟರೆ 3,700. ಗೆದ್ದ ಮನೆಗೆ ಒಂದಕ್ಕೆ 35ರಂತೆ 3,500, ಜೊತೆಗೆ ಅಲ್ಲಿಟ್ಟ 100. ಒಟ್ಟು ಕೈಗೆ ಬರುವುದು 3,600. ಯಾವ ಸಂಖ್ಯೆ ಬಿದ್ದರೂ 100 ರೂಪಾಯಿ ಕ್ಯಾಸಿನೊದವರದ್ದು.

ಕಳೆದ ತಿಂಗಳು ಬೇರೊಂದು ಕಾಲೇಜಿನ ಫೆಸ್ಟ್‌ನಲ್ಲಿ ಇಂಥ ಆಟ ನೋಡಿದೆ. ಪ್ರತಿಯೊಬ್ಬರಿಗೂ 1,000 ರೂಪಾಯಿಯ ಆಟದ ನೋಟು. ಸೋತವರು ನಗುತ್ತ ಇನ್ನೊಂದು ಕಂತೆ ಪಡೆದರು, ಗೆದ್ದವರಿಗೆ ಚಪ್ಪಾಳೆ. ಗೆಲುವಿನ ಖುಷಿ ನಿಜವಾಗಿತ್ತು, ಸೋಲಿನ ನೋವು ಮಾತ್ರ ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಮೊಬೈಲ್‌ನ ಬೆಟ್ಟಿಂಗ್ ಆ್ಯಪ್‌ನಲ್ಲಿ ಇನ್ನೊಂದು ಕಂತೆ ಬರುವುದು ಫೀಸಿಗೆ ಇಟ್ಟ ದುಡ್ಡಿನಿಂದ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಆಸೆಯನ್ನು ಕಾಯ್ದೆಯೊಂದೇ ತಡೆಯಲಾರದು.

ಆದ್ದರಿಂದ ಪಣವಿಲ್ಲದ ಒಂದು ಚಕ್ರ ಇಡೋಣ. ಪಕ್ಕದ ಬೋರ್ಡಿನಲ್ಲಿ 37 ಮನೆಗಳ ಲೆಕ್ಕವನ್ನು ಸುತ್ತು ಸುತ್ತಿಗೂ ಬರೆಯೋಣ. ಹತ್ತೇ ಸುತ್ತಿಗೆ 1,000 ರೂಪಾಯಿ ಹೋಗಿರುತ್ತದೆ. ನೋಡಿದವರಿಗೆ ಬೇರೆ ಭಾಷಣ ಬೇಕಾಗದು.