ರುಚಿಸದ ಕಾರ್ಯದಲ್ಲಿ ನಿಷ್ಠೆ

ಮನಸ್ಸಿಗೆ ಪ್ರಿಯವಾದ ಕಾರ್ಯಕ್ಕೆ ಯಾರ ಪ್ರೇರಣೆಯೂ ಬೇಕಾಗುವುದಿಲ್ಲ. ಹಿತವೆಂದು ತಿಳಿದಿದ್ದರೂ ರುಚಿಸದ ಕಾರ್ಯವನ್ನು ದಿನವೂ ತಪ್ಪದೆ ನಡೆಸುವುದೇ ಕಠಿಣ. ಇಂತಹ ಕಾರ್ಯವನ್ನು ನಾವು ಕೈಬಿಡುವುದು ಬಹುಮಟ್ಟಿಗೆ ನಡುದಾರಿಯಲ್ಲಿ. ಆರಂಭದಲ್ಲಿ ಭಯವೋ ಉತ್ಸಾಹವೋ ನಮ್ಮನ್ನು ನಡೆಸುತ್ತದೆ. ಕೊನೆಯಲ್ಲಿ ಗುರಿ ಕಣ್ಣಿಗೆ ಕಾಣುತ್ತದೆ. ನಡುವೆ ಇವೆರಡೂ ಇರುವುದಿಲ್ಲ.

ಕ್ಷಯರೋಗದ ಚಿಕಿತ್ಸೆಯನ್ನು ನೋಡಿದರೆ ಈ ಮಾತು ಮನವರಿಕೆಯಾಗುತ್ತದೆ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ಮೊದಲ 2 ತಿಂಗಳು 4 ಬಗೆಯ ಔಷಧಗಳು, ಅನಂತರದ 4 ತಿಂಗಳು 3 ಬಗೆಯವು. ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತವಾಗಿ ದೊರೆಯುತ್ತವೆ. ಆದರೆ ಈ ಮಾತ್ರೆಗಳನ್ನು ಇಷ್ಟಪಟ್ಟು ನುಂಗುವವರಿಲ್ಲ. ಕೆಲವರಿಗೆ ಓಕರಿಕೆ ಬರುತ್ತದೆ, ಮೂತ್ರ ಕೆಂಪಾಗುತ್ತದೆ. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿ ದೇಹಕ್ಕೆ ಕಸುವು ಬಂದಾಗ, ‘ಗುಣವಾಯಿತಲ್ಲ, ಇನ್ನೇಕೆ ಮಾತ್ರೆ?’ ಎಂದು ಮನಸ್ಸು ಕೇಳತೊಡಗುತ್ತದೆ. ಅಪಾಯವಿರುವುದು ಅಲ್ಲಿಯೇ. ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ. ಔಷಧಕ್ಕೆ ಬಗ್ಗದ ಸ್ಥಿತಿಗೂ ಹೋಗಬಹುದು. ಆ ರೋಗ ಮನೆಯ ಮಕ್ಕಳಿಗೂ ತಗಲಬಹುದು.

ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು 1959ರಲ್ಲಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿತು. ಬಡವರ ಇಕ್ಕಟ್ಟಾದ ಮನೆಗಳಲ್ಲಿದ್ದು ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಬಹುಮಟ್ಟಿಗೆ ಗುಣಮುಖರಾಗಿದ್ದರು. ಒಳ್ಳೆಯ ಹಾಸಿಗೆ, ಗಾಳಿಗಿಂತಲೂ ಔಷಧದ ಕ್ರಮ ತಪ್ಪದಿರುವುದೇ ಮುಖ್ಯವೆಂದಾಯಿತು. ಆ ಕ್ರಮವನ್ನು ಉಳಿಸುವುದು ಹೇಗೆ? ರೋಗಿಯು ಇನ್ನೊಬ್ಬರ ಕಣ್ಣೆದುರಿಗೇ ಮಾತ್ರೆ ನುಂಗಬೇಕೆಂಬ ‘ಡಾಟ್ಸ್’ ಪದ್ಧತಿ ಇದಕ್ಕಾಗಿಯೇ ಬಂದಿತು. ನಮ್ಮ ದೇಶದಲ್ಲಿ ಅದು 1997ರಿಂದ ರಾಷ್ಟ್ರೀಯ ಕಾರ್ಯಕ್ರಮವಾಗಿ ವಿಸ್ತರಿಸಿತು.

ಇದರಲ್ಲಿ ನಾವು ಗಮನಿಸಬೇಕಾದ ವಿವೇಕವಿದೆ. ಮಾತ್ರೆಯನ್ನು ಪ್ರೀತಿಸೆಂದು ವೈದ್ಯರು ರೋಗಿಗೆ ಹೇಳಲಿಲ್ಲ. ಅವನ ಮನೋಬಲವೊಂದನ್ನೇ ನೆಚ್ಚಿಕೊಳ್ಳಲೂ ಇಲ್ಲ. ನಿಶ್ಚಿತ ವೇಳೆಯನ್ನು ಗೊತ್ತುಮಾಡಿ, ಜೊತೆಗೊಬ್ಬರನ್ನು ಕೂಡಿಸಿದರು. ಮನಸ್ಸು ಒಪ್ಪುವವರೆಗೆ ಕಾಯದೆ, ಮನಸ್ಸು ಒಪ್ಪದ ದಿನವೂ ಕೆಲಸ ಸಾಗುವ ಏರ್ಪಾಡು ಮಾಡಿದರು. ಲೆಕ್ಕಕ್ಕೆ ಹೆದರುವ ಬಾಲಕನಿಗೂ, ನಿತ್ಯ ನಡೆಯಬೇಕಾದ ಮಧುಮೇಹಿಗೂ, ಮನೆಯ ಆಯವ್ಯಯ ಬರೆಯಲು ಬೇಸರಪಡುವ ಗೃಹಸ್ಥನಿಗೂ ಇದೇ ಉಪಾಯ ಸಲ್ಲುತ್ತದೆ. ಆಸಕ್ತಿ ಹುಟ್ಟಿದ ಮೇಲೆ ಮಾಡೋಣವೆಂದರೆ ಆ ದಿನ ಬರದೆಯೇ ಹೋಗಬಹುದು.

ಆದರೆ ನಿಷ್ಠೆಯೆಂದರೆ ಮೂಕ ಸಹನೆಯಲ್ಲ. ಔಷಧ ಸೇವಿಸುವವರ ಕಣ್ಣು ಹಳದಿಯಾದರೆ, ದೃಷ್ಟಿ ಮಂದವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬೇಸರ ಬೇರೆ, ಬಾಧೆ ಬೇರೆ. ಈ ವ್ಯತ್ಯಾಸವನ್ನು ಅರಿತು ನಡೆಯುವುದೂ ನಿಷ್ಠೆಯ ಭಾಗವೇ ಆಗಿದೆ.

ಜೊತೆಗಾರನ ಹೊಣೆಯೂ ಸಣ್ಣದಲ್ಲ. ಗದರಿಸುವ ಕಾವಲುಗಾರನೆದುರು ರೋಗಿಯು ಮಾತ್ರೆಯನ್ನು ಬಚ್ಚಿಟ್ಟಾನು. ಅಕ್ಕರೆಯಿಂದ ಕುಳಿತವರೆದುರು ತನ್ನ ಬೇಸರವನ್ನು ಹೇಳಿಕೊಂಡಾನು. ಹಾಗೆ ಹೇಳಿಕೊಳ್ಳಲು ಅವಕಾಶವಿದ್ದರೆ ಅವನು ಕೆಲಸವನ್ನು ಬಿಡುವ ಸಂಭವ ಕಡಿಮೆ. ನೆರೆಹೊರೆಯವರಿಗೆ ತಿಳಿದೀತೆಂಬ ಅಂಜಿಕೆಯಿಂದ ರೋಗವನ್ನು ಮುಚ್ಚಿಡುವ ಮನೆಗಳಲ್ಲಿ ರೋಗಿಯು ಒಂಟಿಯಾಗುತ್ತಾನೆ. ಒಂಟಿಯಾದವನಿಗೆ ಆರು ತಿಂಗಳು ಬಹು ದೀರ್ಘ.

ನಮ್ಮ ಬಂಧುಗಳ ಮನೆಯಲ್ಲಿ ಇಂತಹವರೊಬ್ಬರಿದ್ದರೆ, ಔಷಧದ ವೇಳೆಗೆ ಒಂದು ಲೋಟ ನೀರು ಹಿಡಿದು ಅವರ ಬಳಿ ಐದು ನಿಮಿಷ ಕುಳಿತುಕೊಳ್ಳೋಣ. ಕೆಮ್ಮು ನಿಂತ ಮೇಲಿನ ತಿಂಗಳುಗಳಲ್ಲಂತೂ ಅದನ್ನು ತಪ್ಪಿಸದಿರೋಣ.