ಟ್ರಂಕು ತುಂಬಿತು, ಹುಡುಗ ತಯಾರಾದನೇ?

ಧಾರವಾಡದಲ್ಲಿ ಮಳೆಗಾಲ ಸುರುವಾಯಿತೆಂದರೆ ಎರಡು ಸಂಗತಿ ಕೂಡಿಯೇ ಬರುತ್ತವೆ. ಒಂದು, ಹಿಡಿದರೆ ಬಿಡದ ಜಿಟಿಜಿಟಿ ಮಳೆ. ಇನ್ನೊಂದು, ಟ್ರಂಕು, ಹಾಸಿಗೆ ಸುರುಳಿ, ಪ್ಲಾಸ್ಟಿಕ್ ಬಕೀಟು ಹೊತ್ತುಕೊಂಡು ಬಸ್ಸಿನಿಂದ ಇಳಿಯುವ ಹೊಸ ವಿದ್ಯಾರ್ಥಿಗಳ ದಂಡು. ಸವದತ್ತಿ, ರೋಣ, ಹಾನಗಲ್ಲ, ಮುದ್ದೇಬಿಹಾಳ, ಹಳಿಯಾಳ, ಹೀಗೆ ಎಲ್ಲ ದಿಕ್ಕಿನಿಂದಲೂ ಬರುತ್ತಾರೆ. ಜೋಡಿಗೆ ಅಪ್ಪ ಇರುತ್ತಾನೆ, ಇಲ್ಲವೇ ಸೋದರಮಾವ. ಸಂಜೆ ಬಸ್ಸಿಗೆ ಅವರು ವಾಪಸು. ರಾತ್ರಿ ಹುಡುಗ ಒಬ್ಬನೇ.

ನಮ್ಮದು ವಿದ್ಯಾಕಾಶಿ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಸುಳ್ಳಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಬಂದು ನೆಲೆ ನಿಂತಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. 2016ರಲ್ಲಿ ಐಐಟಿಯೂ ಬಂತು. ಒಂದೊಂದು ಬಂದಾಗಲೂ ಊರಿನಲ್ಲಿ ಹಾಸ್ಟೆಲ್ ಹೆಚ್ಚಿದವು, ಖಾನಾವಳಿ ಹೆಚ್ಚಿದವು, ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹೆಚ್ಚಿದವು. ಝೆರಾಕ್ಸ್ ಅಂಗಡಿಯವನಿಂದ ಹಿಡಿದು ಆಟೋದವನವರೆಗೆ ಈ ಊರಿನ ಅರ್ಧ ವ್ಯಾಪಾರ ನಡೆಯುವುದೇ ಈ ಮಕ್ಕಳ ಮೇಲೆ. ಅಂದಮೇಲೆ ಅವರು ಇಲ್ಲಿ ನೆಲೆ ಊರುತ್ತಾರೋ ಇಲ್ಲವೋ ಎಂಬ ಚಿಂತೆಯೂ ನಮ್ಮದೇ ಆಗಬೇಡವೇ?

ಊರು ಬಿಡುವ ಮಗನಿಗೆ ತಾಯಿ ಏನೇನು ಕಟ್ಟಿಕೊಡುತ್ತಾಳೆ ನೋಡ್ರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಉಪ್ಪಿನಕಾಯಿ ಬಾಟಲಿ, ಹೊದೆಯಲು ಕೌದಿ. ಅಪ್ಪ ಸಾಲ ಮಾಡಿಯಾದರೂ ಫೀ ಕಟ್ಟುತ್ತಾನೆ, ಹೊಸ ಮೊಬೈಲು ಕೊಡಿಸುತ್ತಾನೆ. ಟ್ರಂಕು ತುಂಬುತ್ತದೆ. ಆದರೆ ಗುರುತಿಲ್ಲದ ಮೂವರ ಜೋಡಿ ಒಂದೇ ಖೋಲಿಯಲ್ಲಿ ಹೇಗಿರಬೇಕು, ಇಂಗ್ಲಿಷಿನ ಪಾಠ ತಲೆಗೆ ಹೋಗದಿದ್ದರೆ ಯಾರನ್ನು ಕೇಳಬೇಕು, ನಡುರಾತ್ರಿ ಜ್ವರ ಬಂದರೆ ಯಾರ ಬಾಗಿಲು ಬಡಿಯಬೇಕು, ಇವನ್ನು ಕಟ್ಟಿಕೊಡುವವರು ಯಾರೂ ಇಲ್ಲ. ಮನೆಯವರು ಕಾಲೇಜು ಕಲಿಸುತ್ತದೆ ಅಂತಾರೆ. ಕಾಲೇಜಿನವರು ಮನೆಯಲ್ಲಿ ಕಲಿಸಿರುತ್ತಾರೆ ಅಂತಾರೆ. ನಡುವೆ ಹುಡುಗ.

ಪಂಚಮಿಗೆ ಹೋದವರು

ಇದರ ಫಲ ಕಾಣಬೇಕೆಂದರೆ ನಾಗರ ಪಂಚಮಿ ಮುಗಿದ ಮೇಲೆ ಯಾವುದಾದರೂ ಹಾಸ್ಟೆಲ್ಲಿಗೆ ಹೋಗಿ ನೋಡಬೇಕು. ಹಬ್ಬಕ್ಕೆಂದು ಊರಿಗೆ ಹೋದವರಲ್ಲಿ ಕೆಲವರ ಮಂಚ ಖಾಲಿ ಇರುತ್ತದೆ. ಉಂಡಿ ತಿಂದು, ಜೋಕಾಲಿ ಆಡಿ, ಅಲ್ಲೇ ಉಳಿದುಬಿಟ್ಟರು. ತಡವಾಗಿ ಕ್ಲಾಸು ಸುರುವಾಗುವ ಎಂಜಿನಿಯರಿಂಗ್ ಹುಡುಗರಿಗೆ ಪಂಚಮಿ ಬದಲು ದೀಪಾವಳಿ, ಅಷ್ಟೇ ಫರಕು.

ಹೀಗೆ ಉಳಿದ ಹುಡುಗ ಗೋವೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಒಂದು ದಾರಿಯಾದರೂ ಇದೆ ಅನ್ನೋಣ. ಹುಡುಗಿಯ ಗತಿ? ಹಳ್ಳಿಯಲ್ಲಿ ಏನು ಮಾತು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. "ಹೆಂಗೂ ಮನೀಗೆ ಬಂದಾಳ, ಒಂದು ಗಂಡು ನೋಡಿಬಿಡೋಣು." ಹಟ ಮಾಡಿ ಪಿಯುಸಿ ಪಾಸಾಗಿ, ಮನೆಯವರನ್ನು ಒಪ್ಪಿಸಿ ಧಾರವಾಡಕ್ಕೆ ಬಂದ ಹುಡುಗಿಯ ವಿದ್ಯೆ ಆರು ವಾರದಲ್ಲಿ ಮುಗಿಯಿತು. ಕಾಲೇಜಿನ ಪುಸ್ತಕದಲ್ಲಿ ಏನು ಬರೆಯುತ್ತಾರೆ? ಮೊದಲು 'ಗೈರುಹಾಜರಿ', ಆಮೇಲೆ 'ಹೆಸರು ತೆಗೆಯಲಾಗಿದೆ'. ಯಾಕೆ ಹೋದಳೆಂದು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇಲ್ಲ.

ಇವರಲ್ಲಿ ಬಹಳ ಮಂದಿ ದಡ್ಡರಲ್ಲ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಮನೆಯಲ್ಲಿ ಅಣ್ಣನೋ ಅಕ್ಕನೋ ಹಾಸ್ಟೆಲ್ಲಿನಲ್ಲಿ ಇದ್ದು ಬಂದಿದ್ದರೆ "ಮೊದಲ ತಿಂಗಳು ಹಂಗ ಅನಸತೈತಿ, ಆಮ್ಯಾಲ ಸರಿ ಹೋಗತೈತಿ" ಎಂದು ಹೇಳುತ್ತಿದ್ದರು. ಆ ಒಂದು ಮಾತು ಹೇಳುವವರಿಲ್ಲದೆ ಮಂಚ ಖಾಲಿಯಾಯಿತು.

ತಾಟು ಎಣಿಸುವವರುಂಟು, ಮುಖ ನೋಡುವವರಿಲ್ಲ

ಹಳೆಯ ಧಾರವಾಡದಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿದರು. ಏಳು ದಿನ, ಏಳು ಮನೆ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡವರಾದವರು ನಾಡಿನ ತುಂಬ ಇದ್ದಾರೆ. ಆ ಕಾಲವೇ ಚಂದವಿತ್ತು ಎಂದು ನಾವು ಹೇಳುವುದಿಲ್ಲ. ವಾರಾನ್ನಕ್ಕೆ ಜಾತಿಯ ಬೇಲಿ ಇತ್ತು, ಹಂಗು ಇತ್ತು, ಎಷ್ಟೋ ಮಕ್ಕಳಿಗೆ ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ಸರಕಾರದ ಹಾಸ್ಟೆಲ್ ಬಂದ ಮೇಲೆಯೇ ಅಂಥವರ ಮಕ್ಕಳು ತಲೆಯೆತ್ತಿ ಓದುವಂತಾಯಿತು. ಅದನ್ನು ಮರೆಯುವ ಹಾಗಿಲ್ಲ.

ಆದರೆ ಆ ಹಳೆಯ ಪದ್ಧತಿಯಲ್ಲಿ ಒಂದು ಗುಣವಿತ್ತು. ಸೋಮವಾರದ ಮನೆಗೆ ಹುಡುಗ ಬರದಿದ್ದರೆ ಆ ಮನೆಯ ಅವ್ವ ಕೇಳುತ್ತಿದ್ದಳು: "ಯಾಕ ಬರಲಿಲ್ಲೋ ತಮ್ಮಾ, ಆರಾಮಿಲ್ಲೇನು?" ಇಂದು ಇನ್ನೂರು ತಾಟಿನ ಹಾಸ್ಟೆಲ್ಲಿನಲ್ಲಿ ಒಬ್ಬ ಉಣ್ಣಲಿಲ್ಲ ಅಂದರೆ ಅಡಿಗೆಯವನಿಗೆ ಒಂದು ತಾಟು ಅನ್ನ ಉಳಿಯಿತು, ಅಷ್ಟೇ. ಒಬ್ಬನೇ ವಾರ್ಡನ್ನನಿಗೆ ಎರಡು ಹಾಸ್ಟೆಲ್ ಚಾರ್ಜ್ ಕೊಟ್ಟ ಕಡೆ ಆ ಪುಣ್ಯಾತ್ಮನಾದರೂ ಯಾರ ಮುಖ ನೋಡಬೇಕು? ಬೆಳಿಗ್ಗೆ ರೇಷನ್ ಲೆಕ್ಕ, ಮಧ್ಯಾಹ್ನ ಇಲಾಖೆಯ ಮೀಟಿಂಗು, ಸಂಜೆ ಬಿಲ್ಲು.

ಕಾಗದದ ಮೇಲೆ ಎಲ್ಲ ಐತಿ

ಕಾಯ್ದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್ ಶಿಕ್ಷೆಗೆ ಅರ್ಹವಾದ ಅಪರಾಧ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಅಮನ್ ಕಚ್ರೂ ಎಂಬ ವಿದ್ಯಾರ್ಥಿ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಪ್ರಾಣ ಬಿಟ್ಟ. ಅದೇ ವರ್ಷ ಯುಜಿಸಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಾವಳಿ ಹೊರಡಿಸಿತು. ಅದರಲ್ಲಿ ಏನೇನಿದೆ ಓದಿದರೆ ವಾಚಕರು ಬೆರಗಾಗುತ್ತಾರೆ.

ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ, ಕಷ್ಟ ಬಂದರೆ ಯಾರ ಬಳಿ ಹೋಗಬೇಕು, ಅವರ ಫೋನ್ ನಂಬರು ಏನು ಎಂಬುದನ್ನು ಅಚ್ಚು ಹಾಕಿಸಿದ ಚೀಟಿ ಕೊಡಬೇಕು. ಹೊಸಬರನ್ನು ಸಣ್ಣ ಗುಂಪು ಮಾಡಿ ಒಂದೊಂದು ಗುಂಪಿಗೆ ಒಬ್ಬ ಅಧ್ಯಾಪಕರನ್ನು ನೇಮಿಸಬೇಕು, ಅವರು ದಿನವೂ ಆ ಮಕ್ಕಳನ್ನು ಮಾತಾಡಿಸಬೇಕು. ಸಾಧ್ಯವಿದ್ದಷ್ಟೂ ಹೊಸಬರಿಗೆ ಬೇರೆಯೇ ಬ್ಲಾಕು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೆಸರು ಬರೆಸಿಕೊಳ್ಳದೆ ಅವರ ಕಷ್ಟಸುಖ ವಿಚಾರಿಸಬೇಕು. ಹೊಸಬರು ಹಳಬರು ಇಬ್ಬರನ್ನೂ ಕೂಡಿಸಿ ತಿಳಿವಳಿಕೆ ಕೊಡಬೇಕು.

ಈಗ ಓದುಗರೇ ಹೇಳಲಿ. ನಿಮ್ಮ ಮಗನಿಗೆ, ಮಗಳಿಗೆ ಆ ಚೀಟಿ ಸಿಕ್ಕಿತೇ? ಆ ಗುಂಪಿನ ಅಧ್ಯಾಪಕರ ಹೆಸರು ಅವರಿಗೆ ಗೊತ್ತೇ? ಗೊತ್ತಿದ್ದರೆ ಆ ಕಾಲೇಜಿಗೆ ನಮ್ಮ ನಮಸ್ಕಾರ. ಬಹಳ ಕಡೆ ಆಗುವುದೇನು ಅಂದರೆ, ಸೈಬರ್ ಸೆಂಟರಿನ ಹುಡುಗ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯ ಮೇಲೆ ತಾನೇ ಟಿಕ್ ಹೊಡೆದು ಪ್ರಿಂಟ್ ಕೊಡುತ್ತಾನೆ. ಅಪ್ಪ ಓದದೆ ಸಹಿ ಮಾಡುತ್ತಾನೆ. ಕಾಗದ ಫೈಲಿಗೆ ಹೋಯಿತು, ನಿಯಮ ಪಾಲನೆಯಾಯಿತು!

ಆಮೇಲೆ ಸ್ವಾಗತ ಸಮಾರಂಭ. ಶಾಲು, ಹಾರ, ದೀಪ. "ನೀವೇ ಈ ದೇಶದ ಭವಿಷ್ಯ" ಎಂದು ಮುಖ್ಯ ಅತಿಥಿಗಳು ಒಂದು ತಾಸು ಹೇಳುತ್ತಾರೆ. ಭವಿಷ್ಯ ಇರಲಿ, ಹಾಸ್ಟೆಲ್ಲಿನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹತ್ತಿರದ ದವಾಖಾನೆ ಯಾವುದು ಎಂದು ಹೇಳುವವರು ವೇದಿಕೆಯ ಮೇಲೆ ಒಬ್ಬರೂ ಇರುವುದಿಲ್ಲ.

ಪಾಲಕರಿಗೆ ನಾಲ್ಕು ಮಾತು

ಎಲ್ಲ ಹೊಣೆ ಕಾಲೇಜಿನ ಮೇಲೆ ಹಾಕಿ ಕೈ ತೊಳೆದುಕೊಂಡರೆ ಆಗದು. ಹಾಸ್ಟೆಲ್ಲಿಗೆ ಕಳಿಸುವ ಮೊದಲಿನ ಒಂದು ತಿಂಗಳು ಮನೆಯಲ್ಲೇ ತಾಲೀಮು ಆಗಬೇಕು. ಮಗ ತನ್ನ ಬಟ್ಟೆ ತಾನೇ ಒಗೆದುಕೊಳ್ಳಲಿ. ಒಬ್ಬನೇ ಬ್ಯಾಂಕಿಗೆ ಹೋಗಿ ಬರಲಿ. ಧಾರವಾಡದ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ. ಹಸಿ ಬಟ್ಟೆ ಹಾಕಿಕೊಂಡು, ಒಬ್ಬರ ಟವೆಲ್ ಇನ್ನೊಬ್ಬರು ಒರೆಸಿಕೊಂಡು ಖೋಲಿಗೆಲ್ಲ ಗಜಕರ್ಣ ಹತ್ತುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ ಅಂಗಡಿಯಲ್ಲಿ ಕೊಟ್ಟ ಯಾವುದೋ ಮುಲಾಮು ಹಚ್ಚಿಕೊಂಡು ಅದನ್ನು ಹೆಚ್ಚು ಮಾಡಿಕೊಳ್ಳುತ್ತಾರೆ. ಎರಡು ಟವೆಲ್ ಕೊಡ್ರಿ, ತುರಿಕೆ ಬಂದರೆ ಡಾಕ್ಟರ ಹತ್ತಿರ ಹೋಗು ಎಂದು ಮುಂಚೆಯೇ ಹೇಳಿಬಿಡ್ರಿ.

ದುಡ್ಡನ್ನು ತಿಂಗಳಿಗೊಮ್ಮೆ ಗಂಟು ಕಳಿಸಬೇಡಿ. ಹತ್ತನೇ ತಾರೀಖಿಗೆ ಖಾಲಿಯಾಗಿ ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪಿನ ಬಾಯಿಗೆ ಬೀಳುತ್ತಾರೆ. ವಾರಕ್ಕೊಮ್ಮೆ ಕಳಿಸಿ. "ನಿನ್ನ ಬ್ಯಾಂಕ್ ಖಾತೆ ನಾಲ್ಕು ದಿನ ಕೊಡು, ಕಮಿಷನ್ ಕೊಡ್ತೀನಿ" ಎನ್ನುವ ದೋಸ್ತರು ಈಗ ಹುಟ್ಟಿಕೊಂಡಿದ್ದಾರೆ. ಮೋಸದ ದುಡ್ಡು ಆ ಖಾತೆಯಲ್ಲಿ ಓಡಾಡಿದರೆ ಪೊಲೀಸರು ಮೊದಲು ಬಂದು ಹಿಡಿಯುವುದು ಖಾತೆದಾರನನ್ನೇ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಫೋನ್ ಮಾಡಿದಾಗ "ಊಟ ಆತೇನು?" ಎಂದಷ್ಟೇ ಕೇಳಿದರೆ "ಆತು" ಎಂಬ ಉತ್ತರ ಸಿಗುತ್ತದೆ. "ಯಾರ ಜೋಡಿ ಕುಂತು ಉಂಡಿ?" ಎಂದು ಕೇಳಿ ನೋಡ್ರಿ. ತಿಂಗಳಾದರೂ ಒಂದು ಹೆಸರು ಬರದಿದ್ದರೆ ಮುಂದಿನ ಬಸ್ಸು ಹತ್ತಿ ಬಂದು ನೋಡಿಕೊಂಡು ಹೋಗುವುದು ಒಳಿತು. ಮತ್ತು "ಫೇಲಾದ್ರ ಮನೀಗೆ ಬರಬ್ಯಾಡ" ಎಂಬ ಮಾತು ಯಾವ ಅಪ್ಪನ ಬಾಯಿಂದಲೂ ಬರಬಾರದು. ಸಿಟ್ಟಿನಲ್ಲಿ ಆಡಿದ ಮಾತನ್ನು ಮಕ್ಕಳು ಹಾಸ್ಟೆಲ್ಲಿನ ಕತ್ತಲಲ್ಲಿ ನಿಜವೆಂದೇ ನಂಬುತ್ತಾರೆ.

ಒಂದು ದಿನ ಕೊಡ್ರಿ, ಸಾಕು

ಕಾಲೇಜು, ಇಲಾಖೆ, ಮಠ, ಟ್ರಸ್ಟು, ಹಾಸ್ಟೆಲ್ ನಡೆಸುವ ಎಲ್ಲರಲ್ಲಿಯೂ ನಮ್ಮ ಬೇಡಿಕೆ ದೊಡ್ಡದಲ್ಲ. ಕ್ಲಾಸು ಸುರುವಾಗುವ ಮೊದಲು ಒಂದು ದಿನ ಕೊಡಿ. ಭಾಷಣದ ದಿನವಲ್ಲ. ಪಾಲಕರನ್ನೂ ಮಕ್ಕಳನ್ನೂ ಕೂಡಿಸಿ, ಕನ್ನಡದಲ್ಲಿ, ಹಾಸ್ಟೆಲ್ ಪೂರ್ತಿ ತೋರಿಸಿ. ಅಡಿಗೆಯವರ, ವಾಚ್‌ಮನ್ನನ ಪರಿಚಯ ಮಾಡಿಸಿ. ನಂಬರಿನ ಚೀಟಿ ಕೈಗೆ ಕೊಡಿ. ಅದರಲ್ಲಿ ರ‍್ಯಾಗಿಂಗ್ ದೂರಿನ 1800-180-5522 ಇರಲಿ, ಮನಸ್ಸು ಕುಸಿದಾಗ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ 14416 ಇರಲಿ. ಹಾಸ್ಟೆಲ್ ಸೀಟಿನ ಲಿಸ್ಟು ಕ್ಲಾಸು ಸುರುವಾದ ಮೇಲೆ ಬರುವ ರೂಢಿಯನ್ನೂ ಇಲಾಖೆಯವರು ಬಿಡಬೇಕು. ಲಿಸ್ಟೇ ಬರದ ಹುಡುಗನನ್ನು ಯಾವ ಹಾಸ್ಟೆಲ್ಲಿಗೆ ತಯಾರು ಮಾಡುವುದು?

ಇನ್ನೊಂದು ಕೆಲಸಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಊಟದ ಲೆಕ್ಕಕ್ಕೆಂದು ದಿನವೂ ಹಾಜರಿ ಹಿಡಿಯುತ್ತೀರಲ್ಲ, ಆ ಪುಸ್ತಕವನ್ನೇ ತಿರುವಿ ನೋಡಿ. ಹೊಸ ಹುಡುಗ ಒಂದರ ಹಿಂದೊಂದು ಮೂರು ಊಟ ತಪ್ಪಿಸಿದರೆ ವಾರ್ಡನ್ ಅವನ ಖೋಲಿಗೆ ಹೋಗಿ ಬಾಗಿಲು ಬಡಿಯಬೇಕು. ದಂಡ ಹಾಕಲಿಕ್ಕಲ್ಲ, "ಯಾಕ ತಮ್ಮಾ" ಎಂದು ಕೇಳಲಿಕ್ಕೆ. ಸೋಮವಾರದ ಮನೆಯ ಅವ್ವ ಮಾಡುತ್ತಿದ್ದುದು ಇಷ್ಟೇ. ಹಾಗೆಯೇ ಐದು ಹೊಸಬರಿಗೆ ಎರಡನೇ ವರ್ಷದ ಒಬ್ಬರನ್ನು, ವಾರ್ಡನ್ ಸ್ವತಃ ನೋಡಿ ಆರಿಸಿ, ನೇಮಿಸಲಿ. ಅವರ ಹೆಸರು ಬೋರ್ಡಿನ ಮೇಲಿರಲಿ. ಹಳಬರಿಗೆ ಹೊಣೆ ಕೊಟ್ಟರೆ ಕಾಡುವ ಚಟವೂ ಕಡಿಮೆಯಾಗುತ್ತದೆ.

"ಇದೇನು ಬಾಲವಾಡಿಯೇ? ನಾವೆಲ್ಲ ಹಂಗ ಬಂದು ಕಲಿತವರಲ್ಲೇನು?" ಎನ್ನುವ ಹಿರಿಯರಿದ್ದಾರೆ. ನಿಜ ಸ್ವಾಮಿ, ತಾವು ಕಲಿತಿರಿ. ಅದಕ್ಕೇ ಇಂದು ವೇದಿಕೆಯ ಮೇಲೆ ಕೂತು ಹೇಳುತ್ತಿದ್ದೀರಿ. ತಮ್ಮ ಪಕ್ಕದ ಮಂಚದವನು ಹಬ್ಬಕ್ಕೆ ಹೋಗಿ ತಿರುಗಿ ಬರಲಿಲ್ಲವಲ್ಲ, ಅವನನ್ನು ಯಾವ ಸಮಾರಂಭಕ್ಕೂ ಕರೆಯುವುದಿಲ್ಲ. ಅವನ ಮಾತು ಕೇಳಿದವರಾರು?

ಈ ವರ್ಷ ಪಂಚಮಿ ಮುಗಿದು ಹತ್ತು ದಿನವಾದ ಮೇಲೆ ಪ್ರತಿ ಹಾಸ್ಟೆಲ್ಲಿನಲ್ಲೂ ಒಂದು ಲೆಕ್ಕ ತೆಗೆಯಲಿ. ಹೊಸಬರು ಎಷ್ಟು ಮಂದಿ ಊರಿಗೆ ಹೋಗಿದ್ದರು, ಎಷ್ಟು ಮಂದಿ ವಾಪಸು ಬಂದರು. ಬಾರದವರ ಮನೆಗೆ ಯಾರು ಫೋನ್ ಮಾಡಿದರು. ಆ ಅಂಕಿಯನ್ನು ಪ್ರಾಚಾರ್ಯರು ತಮ್ಮ ನೋಟೀಸ್ ಬೋರ್ಡಿಗೆ ಹಚ್ಚಲಿ. ಕೇಳಲು ಈ ಪತ್ರಿಕೆಯವರು ಬರುತ್ತೇವೆ. ವಾರ್ಡನ್ ಸಾಹೇಬರು ಪುಸ್ತಕ ತೆಗೆದಿಟ್ಟಿರಲಿ.