ಹತ್ತು ಗುಂಟೆ ಬೆಂಗಳೂರಿಗಾಗಿ ನಾಲ್ಕು ಎಕರೆ ಎರಿ ಮಾರಬ್ಯಾಡ್ರಿ

"ಬೆಂಗಳೂರಿನ ಪಕ್ಕದಲ್ಲೇ ತೋಟದ ಮನೆ. ನಿಮ್ಮ ಊಟ ನೀವೇ ಬೆಳೆಯಿರಿ." ಇಂಥ ಜಾಹೀರಾತು ಈಗ ಅಸೂಟಿಯ ಮೊಬೈಲುಗಳಿಗೂ ಬರುತ್ತದೆ. ಹತ್ತು ಗುಂಟೆ ಜಾಗ, ಹೆಂಚಿನ ಮನೆ, ಒಂದು ಆಕಳು, ನಾಲ್ಕು ಮಾವಿನ ಗಿಡ. ನೋಡಲು ಚೆಂದ. ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಕಡೆಯ ಹುಡುಗರು ಇದನ್ನು ನೋಡಿ ಊರಿಗೆ ಫೋನ್ ಹಚ್ಚುತ್ತಾರೆ: "ಅಪ್ಪಾ, ಅಲ್ಲಿಂದು ನಾಕ ಎಕರೆ ಕೊಟ್ಟು ಇಲ್ಲೇ ಹತ್ತು ಗುಂಟಿ ತಗೊಳ್ಳೋಣು."

ನಾವು ನೇರವಾಗಿ ಹೇಳುತ್ತೇವೆ: ಬೆಂಗಳೂರು ನಗರ ಜಿಲ್ಲೆ ನೌಕರಿಗೆ ಸರಿ, ವ್ಯಾಪಾರಕ್ಕೆ ಸರಿ. ಭೂಮಿ ನಂಬಿ ಉಂಡು ಬದುಕುವುದಕ್ಕೆ ಅದು ತಕ್ಕ ಜಾಗವಲ್ಲ. ಲೆಕ್ಕ ಮಾಡಿ ನೋಡೋಣ.

ಮೊದಲು ಜಾಗ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ ದಾಟಿತ್ತು. ವಿಸ್ತೀರ್ಣ 2,196 ಚದರ ಕಿಲೋಮೀಟರ್. ಅಂದರೆ ಒಂದು ಚದರ ಕಿಲೋಮೀಟರಿಗೆ 4,381 ಜನ. ನಮ್ಮ ಗದಗ ಜಿಲ್ಲೆಯಲ್ಲಿ ಆಗ ಅಷ್ಟೇ ಜಾಗದಲ್ಲಿ 229 ಜನ. ಇದನ್ನೇ ಗುಂಟೆಯಲ್ಲಿ ಹೇಳಿದರೆ, ರಸ್ತೆ, ಕೆರೆ, ವಿಧಾನಸೌಧ ಎಲ್ಲ ಸೇರಿಸಿ ಹಂಚಿದರೂ ಅಲ್ಲಿ ತಲೆಗೆ ಎರಡೂಕಾಲು ಗುಂಟೆ. ನಮ್ಮಲ್ಲಿ ನಲವತ್ಮೂರು ಗುಂಟೆ. ಆ ಗಣತಿಯ ಮೇಲೆ ಬೆಂಗಳೂರು ಎಷ್ಟು ಬೆಳೆದಿದೆ ಎಂದು ಅಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು.

ಎರಡನೆಯದು ಹೊಟ್ಟೆ. ಐದು ಮಂದಿಯ ಮನೆಗೆ ತಲೆಗೆ ದಿನಕ್ಕೆ ಮುನ್ನೂರು ಗ್ರಾಂ ಕಾಳು ಹಿಡಿದರೆ ವರ್ಷಕ್ಕೆ ಐದೂವರೆ ಕ್ವಿಂಟಲ್ ಬೇಕು. ಮಳೆಯಾಶ್ರಿತ ಜೋಳ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಹತ್ತು ಗುಂಟೆಗೆ ಬರುವುದು ಒಂದು, ಒಂದೂಕಾಲು ಕ್ವಿಂಟಲ್. ಎರಡು-ಎರಡೂವರೆ ತಿಂಗಳ ರೊಟ್ಟಿ. ಅದೂ ಮನೆ ಕಟ್ಟುವ ಜಾಗ ಬಿಡದೆ ಬಿತ್ತಿದರೆ! ಇನ್ನು ಆಕಳು. ಕರೆಯುವ ಆಕಳಿಗೆ ದಿನಕ್ಕೆ ಇಪ್ಪತ್ತೈದು ಕಿಲೋ ಹಸಿಮೇವು, ವರ್ಷಕ್ಕೆ ಒಂಬತ್ತು ಟನ್. ನೀರು ಹಾಯಿಸಿ ನೇಪಿಯರ್ ಹುಲ್ಲು ಬೆಳೆದರೂ ಹತ್ತು ಗುಂಟೆಯಲ್ಲಿ ಒಂದು ಪಾಲು ಆ ಒಂದೇ ಆಕಳಿಗೆ ಹೋಗುತ್ತದೆ. ಆಕಳು ಇಟ್ಟರೆ ಜೋಳದ ಜಾಗ ಇನ್ನೂ ಕಡಿಮೆ. ಮಾವಿನ ಗಿಡ ಜಾಹೀರಾತಿನಲ್ಲೇ ಉಳಿಯಬೇಕು.

ಮೂರನೆಯದು ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಹತ್ತು ಗುಂಟೆಗೆ ಒಂದೇ ಒಂದು ಇಂಚು ನೀರು ಉಣಿಸಲು ಸುಮಾರು 25,000 ಲೀಟರ್ ಬೇಕು. ನಾಲ್ಕು ಟ್ಯಾಂಕರಿಗೂ ಮೇಲೆ. ಸರಕಾರಿ ದರದಲ್ಲೇ 2,400 ರೂಪಾಯಿ ದಾಟಿತು, ಅದು ಒಂದು ಸಲಕ್ಕೆ! ಕಾವೇರಿ ನೀರು ಬರುವುದು ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ, ಕುಡಿಯಲಿಕ್ಕೆ. ಮೆಂತ್ಯ ಸೊಪ್ಪಿಗೆ ಬಿಡಲಿಕ್ಕಲ್ಲ. ಕೆರೆ ನೀರು ಅಂತೀರಾ? 2017ರಲ್ಲಿ ಅಲ್ಲಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿತ್ತು. ಕೆರೆಗೆ ಬೆಂಕಿ ಬೀಳುವ ಊರಲ್ಲಿ ಸಾವಯವ ತೋಟ!

"ಅಲ್ಲಿ ಮಳೆ ಹೆಚ್ಚು, ಹವಾ ತಂಪು, ಮಾರುಕಟ್ಟೆ ಬಾಗಿಲಲ್ಲೇ ಐತಿ" ಎನ್ನುವವರಿದ್ದಾರೆ. ಖರೇನೇ. ಆ ಸೀಮೆಯ ರೈತರು ಕಡಿಮೆಯವರಲ್ಲ. ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆದರೆ ಆ ರೈತರ ಗತಿ ಏನಾಯಿತು? ಚಕ್ಕೋತದ ದೇವನಹಳ್ಳಿಯಲ್ಲಿ 2008ರಿಂದ ವಿಮಾನ ಇಳಿಯುತ್ತಿದೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ ತಮ್ಮ 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರಕಾರ ಸ್ವಾಧೀನ ಕೈಬಿಟ್ಟಿತು. ತಲೆತಲಾಂತರದಿಂದ ಉತ್ತವರಿಗೇ ಈ ಪಾಡಾದರೆ, ಹತ್ತು ಗುಂಟೆ ಕೊಂಡು ಹೋದ ರೋಣದ ಹುಡುಗನ ಪರ ಕೂರುವವರು ಯಾರು?

ಇನ್ನೊಂದು ಮಾತು. 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಂಗಳನ್ನು ಕಿತ್ತು ಹಾಕಿತು. ಮೊದಲು ಕೃಷಿ ಜಮೀನು ಕೊಳ್ಳಲು ರೈತನಾಗಿರಬೇಕಿತ್ತು, ಬೇರೆ ಆದಾಯಕ್ಕೆ ಮಿತಿ ಇತ್ತು. ಈಗ ರೊಕ್ಕ ಇದ್ದವರು ಯಾರೂ ಕೊಳ್ಳಬಹುದು. ತೋಟದ ಹೆಸರಲ್ಲಿ ಜಮೀನು ತುಂಡು ಮಾಡಿ ಮಾರುವ ದಂಧೆಗೆ ಇದರಿಂದ ಬಾಗಿಲು ಅಗಲವಾಯಿತು. ಅದೇ ಬಾಗಿಲು ನಮ್ಮ ಎರಿ ಹೊಲದ ಕಡೆಗೂ ತೆರೆದಿದೆ. ನಾವು ಮಾರಿ ಅಲ್ಲಿಗೆ ಹೋದರೆ, ಅಲ್ಲಿನ ರೊಕ್ಕ ಬಂದು ಇಲ್ಲಿ ಕೂರುತ್ತದೆ. ತಿರುಗಿ ಬರುವೆವೆಂದರೆ ಬದು ಬೇರೆಯವರದಾಗಿರುತ್ತದೆ.

ಹಾಗಂತ ನಮ್ಮೂರು ಸ್ವರ್ಗ ಎಂದು ನಾವು ಹೇಳುವುದಿಲ್ಲ. ಮಳೆ ಕೈಕೊಟ್ಟರೆ ಹೆಸರು ಒಣಗುತ್ತದೆ, ಹೆಚ್ಚಾದರೆ ಕಡಲೆ ಕೊಳೆಯುತ್ತದೆ, ಬೆಳೆ ಬಂದರೆ ದರ ಬೀಳುತ್ತದೆ. ಹುಡುಗರು ಸುಮ್ಮನೆ ಊರು ಬಿಟ್ಟಿಲ್ಲ. ಆದರೆ ಇಲ್ಲಿ ಭೂಮಿ ಇದೆ, ಕೊರತೆ ಇರುವುದು ನೀರು. ಬೆಂಗಳೂರಿನಲ್ಲಿ ಎರಡೂ ಇಲ್ಲ. ಭೂಮಿಯನ್ನು ಯಾವ ಸರಕಾರವೂ ಹೊಸದಾಗಿ ಮಾಡಿ ಕೊಡಲಾರದು. ನೀರು ತಂದು ಕೊಡಬಹುದು. 1980ರ ಜುಲೈ 21ರಂದು ನರಗುಂದ-ನವಲಗುಂದದ ರೈತರು ಗುಂಡಿಗೆ ಎದೆ ಕೊಟ್ಟದ್ದು ಮಲಪ್ರಭೆಯ ನೆಲದ ಮೇಲಿನ ಅನ್ಯಾಯದ ಕರದ ವಿರುದ್ಧ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ಕಾಗದದ ಮೇಲಿನ ಆ ನೀರು ಮಲಪ್ರಭೆಗೆ ಬಂದಿಲ್ಲ. ನಮ್ಮ ಸಿಟ್ಟು, ನಮ್ಮ ವೋಟು ಅಲ್ಲಿಗೆ ಹೋಗಬೇಕು. ಕೃಷಿ ಹೊಂಡ ತುಂಬಿಸಲು, ಬದು ಕಟ್ಟಲು, ಕಡಲೆ ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಸಲು ಹೋಗಬೇಕು. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ. ಕೂಡಿ ದುಡಿಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಇಷ್ಟು ಓದಿಯೂ ಬೆಂಗಳೂರಿನಲ್ಲೇ ಕೊಳ್ಳುತ್ತೇನೆ ಎನ್ನುವವರು ಮುಂಗಡ ಕೊಡುವ ಮುನ್ನ ನಾಲ್ಕು ಕೆಲಸ ಮಾಡಿ. ಉತಾರ ತೆಗೆಸಿ ಯಾವ ಜಿಲ್ಲೆ, ಯಾರ ಹೆಸರು ನೋಡಿ. ಜಾಹೀರಾತಿನ "ಬೆಂಗಳೂರು" ಬಹಳ ಸಲ ಪಕ್ಕದ ಜಿಲ್ಲೆಯಾಗಿರುತ್ತದೆ. ಋಣಭಾರ ಪತ್ರ ತೆಗೆಸಿ. ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಏನೇನು ಅನುಮತಿ ಬೇಕು ಎಂದು ತಹಶೀಲ್ದಾರ್ ಕಚೇರಿಯಲ್ಲೇ ಕೇಳಿ, ಏಜೆಂಟನನ್ನಲ್ಲ. ಏಪ್ರಿಲ್ ತಿಂಗಳಲ್ಲಿ ಹೋಗಿ ಅಲ್ಲಿನ ಬೋರ್ ಚಾಲೂ ಮಾಡಿಸಿ ನೋಡಿ.

ಐದನೆಯದು, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು: ಇಲ್ಲಿನ ಹೊಲ ಮಾರುವ ಮಾತನ್ನು ಅಪ್ಪನೊಬ್ಬನ ಜೊತೆ ಫೋನಿನಲ್ಲಿ ಮುಗಿಸಬೇಡಿ. ಅದೇ ಹೊಲದಲ್ಲಿ ಕಳೆ ತೆಗೆದ ಅವ್ವನನ್ನೂ ಅಕ್ಕ-ತಂಗಿಯರನ್ನೂ ಕೂರಿಸಿಕೊಂಡು ಕೇಳಿ. ಅವರ ಪಾಲೂ ಅದರಲ್ಲಿದೆ.